ಅಂಕಪಟ್ಟಿಯಲ್ಲಿ ಇಲ್ಲದ ಕಾಲಂ

ನಾವು ಕಾನೂನು ಓದುತ್ತಿದ್ದ ಕಾಲಕ್ಕೆ ಅಣಕು ನ್ಯಾಯಾಲಯವೆಂದರೆ ವಾರ್ಷಿಕೋತ್ಸವದ ಆಸುಪಾಸಿನಲ್ಲಿ ನೆನಪಾಗುವ ಕಾರ್ಯಕ್ರಮ. ಮಾತು ಬಲ್ಲ ನಾಲ್ಕಾರು ಮಂದಿ ಕರಿ ಕೋಟು ಎರವಲು ತಂದು ವಾದಿಸುತ್ತಿದ್ದರು, ಉಳಿದವರು ಹಿಂದಿನ ಬೆಂಚುಗಳಲ್ಲಿ ಕೂತು ಕೇಳಿ ಎದ್ದು ಹೋಗುತ್ತಿದ್ದರು. ಪರೀಕ್ಷೆಗೂ ಅದಕ್ಕೂ ಸಂಬಂಧವಿರಲಿಲ್ಲ. 1988ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ತರಗತಿಗಳನ್ನು ಆರಂಭಿಸಿ, ಅದರ ಮೊದಲ ನಿರ್ದೇಶಕ ಮಾಧವ ಮೆನನ್ ಅವರು ಪ್ರಾಯೋಗಿಕ ಕಲಿಕೆಗೆ ಒತ್ತು ಕೊಟ್ಟ ಮೇಲೆ ಗಾಳಿ ಬದಲಾಯಿತು. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು ಬರುವ ಹೊತ್ತಿಗೆ ಅಣಕು ನ್ಯಾಯಾಲಯ ಎಲ್ಲ ಕಾಲೇಜುಗಳಲ್ಲೂ ಕಡ್ಡಾಯ ಪತ್ರಿಕೆಯ ಭಾಗವಾಗಿತ್ತು: ಮೂರು ಅಣಕು ವಾದಗಳಿಗೆ 30 ಅಂಕ, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ನೋಡಿ ಬರೆದದ್ದಕ್ಕೆ 30, ಕಕ್ಷಿದಾರರೊಂದಿಗೆ ಮಾತುಕತೆ ಹಾಗೂ ವಿಚಾರಣೆಯ ಪೂರ್ವಸಿದ್ಧತೆಗೆ 30, ಮೌಖಿಕ ಪರೀಕ್ಷೆಗೆ 10. ಅದೇ ನಿಯಮಗಳಲ್ಲಿ ಅದರ ಪಕ್ಕದಲ್ಲೇ ವೃತ್ತಿ ನೀತಿಯದೊಂದು ಪ್ರತ್ಯೇಕ ಪತ್ರಿಕೆ ಇದೆ. ಸ್ಪರ್ಧೆಗಳ ತೀರ್ಪುಗಾರರ ಪೀಠದಲ್ಲಿ ವರ್ಷಗಟ್ಟಲೆ ಕೂತ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಈ ಎರಡು ಪತ್ರಿಕೆಗಳನ್ನು ಬೇರೆ ಬೇರೆ ಇಟ್ಟದ್ದರಿಂದ ನೀತಿ ಬಾಯಿಪಾಠದ ವಿಷಯವಾಯಿತು, ವಕೀಲನ ನಡತೆ ಮಾತ್ರ ಸ್ಪರ್ಧೆಯ ಕೋಣೆಯಲ್ಲಿ ರೂಪುಗೊಳ್ಳತೊಡಗಿತು. ಅಲ್ಲಿ ಯಾವುದಕ್ಕೆ ಅಂಕ ಸಿಗುತ್ತದೋ ಅದನ್ನೇ ವಿದ್ಯಾರ್ಥಿ ಒಳ್ಳೆಯ ವಕಾಲತ್ತು ಎಂದು ನಂಬುತ್ತಾನೆ. ಹಾಗಾಗಿ ಆ ಅಂಕಪಟ್ಟಿಯೇ ಅವನ ನಿಜವಾದ ನೀತಿಪಠ್ಯ.

ಮೂಟ್‌ಗೂ ಅಣಕು ವಿಚಾರಣೆಗೂ ಇರುವ ಅಂತರವನ್ನು ಇಲ್ಲಿ ಹೇಳಿಬಿಡಬೇಕು. ಮೂಟ್‌ನಲ್ಲಿ ಸಂಗತಿಗಳು ಮೊದಲೇ ತೀರ್ಮಾನವಾಗಿರುತ್ತವೆ, ಜಗಳವೆಲ್ಲ ಕಾನೂನಿನ ಅರ್ಥದ ಮೇಲೆ. 1960ರಲ್ಲಿ ಶುರುವಾದ ಜೆಸಪ್ ಸ್ಪರ್ಧೆ ಆ ಬಗೆಯದು. ಬೆಂಗಳೂರಿನ ಲಾ ಸ್ಕೂಲ್ 1999 ಮತ್ತು 2013ರಲ್ಲಿ ಅದನ್ನು ಗೆದ್ದಿತು. ಅಣಕು ವಿಚಾರಣೆಯಲ್ಲಿ ಹಾಗಲ್ಲ. ಅಲ್ಲಿ ಕಟಕಟೆ ಇದೆ, ಸಾಕ್ಷಿ ಇದ್ದಾನೆ, ಮುಖ್ಯ ವಿಚಾರಣೆ ಇದೆ, ಪಾಟೀಸವಾಲು ಇದೆ. ನಡೆದದ್ದೇನು ಎಂಬುದೇ ವಿವಾದ. ಅಮೆರಿಕದಲ್ಲಿ ಕಾನೂನು ವಿದ್ಯಾರ್ಥಿಗಳ ರಾಷ್ಟ್ರೀಯ ವಿಚಾರಣಾ ಸ್ಪರ್ಧೆ 1975ರಷ್ಟು ಹಿಂದೆಯೇ ಶುರುವಾಯಿತು, ಪದವಿ ಕಾಲೇಜುಗಳ ಅಣಕು ವಿಚಾರಣಾ ಸಂಘ 1985ರಲ್ಲಿ ಹುಟ್ಟಿತು. ನಮ್ಮಲ್ಲಿ ಮೂಟ್‌ನ ಅಬ್ಬರದ ನಡುವೆ ಇದು ತಡವಾಗಿ ಬೇರೂರಿತು. ಬಂದದ್ದು ಒಳ್ಳೆಯದೇ ಆಯಿತು. ಸನ್ನದು ಪಡೆದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಕಾಲಿಡುವುದು ತಾಲ್ಲೂಕು, ಜಿಲ್ಲಾ ಕೋರ್ಟುಗಳಿಗೆ. ಅಲ್ಲಿ ಮೊಕದ್ದಮೆ ನಿಲ್ಲುವುದೂ ಬೀಳುವುದೂ ಸಾಕ್ಷಿಯ ಬಾಯಿಂದ. ಆದರೆ ಕಾನೂನಿನ ವ್ಯಾಖ್ಯಾನದಲ್ಲಿ ಒಬ್ಬ ವಿದ್ಯಾರ್ಥಿ ಎಷ್ಟೇ ಜಗ್ಗಾಡಿದರೂ ಪುಸ್ತಕ ಎದುರಿಗೇ ಇರುತ್ತದೆ, ಯಾರಾದರೂ ತೆಗೆದು ನೋಡಬಹುದು. ಸಂಗತಿಯನ್ನು ಜಗ್ಗಾಡಿದರೆ ಹಾಗೆ ತೆಗೆದು ನೋಡುವ ಪುಸ್ತಕವಿಲ್ಲ.

ಇಂಥ ಸ್ಪರ್ಧೆಗಳಿಗೆ ಸಿದ್ಧಪಡಿಸುವ ಮಾದರಿಯ ಒಂದು ಕಡತವನ್ನು ಎದುರಿಗಿಟ್ಟುಕೊಳ್ಳೋಣ. ಕೊಲೆ ಪ್ರಕರಣ. ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಪೊಲೀಸರ ಮುಂದೆ ಕೊಟ್ಟ ಮೂರು ನಾಲ್ಕು ಹೇಳಿಕೆಗಳು. ಕಣ್ಣಾರೆ ಕಂಡವನು ಒಬ್ಬನೇ. ರಾತ್ರಿ ಒಂಬತ್ತೂವರೆಗೆ, ಮೂವತ್ತು ಅಡಿ ದೂರದಿಂದ ಆರೋಪಿಯನ್ನು ಗುರುತಿಸಿದೆ ಎನ್ನುತ್ತಾನೆ. ಹೇಳಿಕೆಯಲ್ಲಿ ಬೆಳಕಿನ ಮಾತಿಲ್ಲ, ಮಹಜರಿನಲ್ಲಿ ದೀಪದ ಕಂಬದ ಸುದ್ದಿಯಿಲ್ಲ. ಕಡತ ಬರೆದವರು ಬೇಕೆಂದೇ ಬಿಟ್ಟ ಬಿರುಕು ಅದು. ಆರೋಪಿ ಪರ ವಿದ್ಯಾರ್ಥಿ ಸರಿಯಾದ ಜಾಗದಲ್ಲೇ ಕೈ ಹಾಕಿ, ಅಷ್ಟು ಕತ್ತಲಲ್ಲಿ ಮುಖ ಹೇಗೆ ಕಂಡಿತು ಎಂದು ಕೇಳುತ್ತಾನೆ. ಕಟಕಟೆಯಲ್ಲಿರುವ ಸಾಕ್ಷಿ, ಅಂದರೆ ಎದುರು ತಂಡದ ಇನ್ನೊಬ್ಬ ವಿದ್ಯಾರ್ಥಿ, ಕಣ್ಣು ಮಿಟುಕಿಸದೆ ಪಕ್ಕದ ಬೀಡಾ ಅಂಗಡಿಯ ಟ್ಯೂಬ್‌ಲೈಟ್ ಉರಿಯುತ್ತಿತ್ತು ಎನ್ನುತ್ತಾನೆ. ಕಡತದಲ್ಲಿ ಬೀಡಾ ಅಂಗಡಿಯೇ ಇಲ್ಲ. ನಿಜವಾದ ಕೋರ್ಟಿನಲ್ಲಿ ಇದಕ್ಕೆ ಮದ್ದಿದೆ: ಇಷ್ಟು ಮುಖ್ಯವಾದ ಮಾತನ್ನು ಪೊಲೀಸರ ಮುಂದೆ ಹೇಳಿಲ್ಲ ಎಂಬ ಲೋಪವನ್ನು ಸಾಕ್ಷಿಯ ಮುಂದಿಟ್ಟು, ಆಮೇಲೆ ತನಿಖಾಧಿಕಾರಿಯ ಬಾಯಿಂದ ಅದನ್ನು ರುಜುವಾತು ಮಾಡಬಹುದು. ಅಣಕು ವಿಚಾರಣೆಯಲ್ಲಿ ಗಡಿಯಾರ ಓಡುತ್ತಿರುತ್ತದೆ, ತನಿಖಾಧಿಕಾರಿಯ ಪಾತ್ರವನ್ನು ಎಷ್ಟೋ ಸಲ ಕಡತದಲ್ಲೇ ಸೇರಿಸಿರುವುದಿಲ್ಲ. ಸುಳ್ಳಿನ ದೀಪ ಉರಿಯುತ್ತಲೇ ಇರುತ್ತದೆ. ಪೀಠದ ಮುಂದಿನ ಅಂಕಪಟ್ಟಿಯಲ್ಲಿ ಮುಖ್ಯ ವಿಚಾರಣೆ, ಪಾಟೀಸವಾಲು, ಆಕ್ಷೇಪಣೆ, ಅಂತಿಮ ವಾದ, ಕೋರ್ಟಿನ ನಡವಳಿಕೆ, ಸಮಯ ಪಾಲನೆ ಎಂಬ ಕಾಲಂಗಳಿರುತ್ತವೆ. ಸಾಕ್ಷಿಯ ಪಾತ್ರ ನಿರ್ವಹಣೆಗೂ ಅಂಕ ಉಂಟು. ತಡವರಿಸದೆ ಉತ್ತರ ಕೊಟ್ಟ ಸಾಕ್ಷಿಗೆ ಹೆಚ್ಚು ಅಂಕ ಹೋಗುತ್ತದೆ. ಸಂಗತಿ ಕಟ್ಟಿದ್ದಕ್ಕೆ ಅಂಕ ಕಳೆಯುವ ಕಾಲಂ ನಾನು ಕಂಡ ಪಟ್ಟಿಗಳಲ್ಲಿ ಅಪರೂಪ.

ಇದು ನಮ್ಮವರ ಚಾಳಿ ಮಾತ್ರ ಎಂದುಕೊಳ್ಳಬಾರದು. ಅಮೆರಿಕದ ಅಣಕು ವಿಚಾರಣಾ ಸಂಘದ ನಿಯಮಾವಳಿಯಲ್ಲಿ ಕಡತದಲ್ಲಿಲ್ಲದ ಮಹತ್ವದ ಸಂಗತಿಯನ್ನು ಸಾಕ್ಷಿ ಹುಟ್ಟಿಸಿ ಹೇಳಬಾರದು ಎಂಬ ನಿಷೇಧವೇ ಇದೆ. ಎಲ್ಲಿಯವರೆಗೆ ಸಹಜ ಊಹೆ, ಎಲ್ಲಿಂದ ಕಟ್ಟುಕತೆ ಎಂದು ಗೆರೆ ಎಳೆಯಲು ಅವರು ಬಹಳ ಶ್ರಮಪಟ್ಟಿದ್ದಾರೆ. ನಿಯಮ ಬೇಕಾಯಿತು ಎಂಬುದರಲ್ಲೇ ಸೆಳೆತ ಎಷ್ಟು ಬಲವಾದದ್ದೆಂದು ಗೊತ್ತಾಗುತ್ತದೆ. ಸ್ಪರ್ಧೆಯ ರಚನೆಯೇ ಆ ಸೆಳೆತಕ್ಕೆ ಕಾರಣ. ವಕೀಲನೂ ಸಾಕ್ಷಿಯೂ ಒಂದೇ ತಂಡದವರು. ವಾರಗಟ್ಟಲೆ ಒಟ್ಟಿಗೆ ಕೂತು ಪ್ರಶ್ನೆಯನ್ನೂ ಉತ್ತರವನ್ನೂ ಬರೆದು, ಎಲ್ಲಿ ತಡೆಯಬೇಕು, ಎಲ್ಲಿ ದನಿ ಕುಗ್ಗಿಸಬೇಕು ಎಂಬುದನ್ನೂ ತಿದ್ದಿಕೊಂಡಿರುತ್ತಾರೆ. ನಮ್ಮ ಕೋರ್ಟುಗಳಲ್ಲಿ ಎದುರು ವಕೀಲರು ಸಾಕ್ಷಿಗೆ ಹಾಕುವ ಮೊದಲ ಪೆಟ್ಟೇ ನಿನಗೆ ಇದನ್ನೆಲ್ಲ ಹೇಳಿಕೊಟ್ಟು ಕರೆತಂದಿದ್ದಾರೆ ಎಂಬುದು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2005ರ ಮೊಮೊಡು ಪ್ರಕರಣದಲ್ಲಿ ಸಾಕ್ಷಿಗೆ ಸಾಕ್ಷ್ಯವನ್ನು ಹೇಳಿಕೊಡುವುದು ನಿಷಿದ್ಧ ಎಂದು ಖಡಾಖಂಡಿತವಾಗಿ ಹೇಳಿತು. ಕೋರ್ಟಿನ ಕ್ರಮವನ್ನು ಪರಿಚಯಿಸುವುದು ಸರಿ, ಉತ್ತರ ರೂಪಿಸುವುದು ತಪ್ಪು. ಅಮೆರಿಕದಲ್ಲಿ ಸಾಕ್ಷಿಯನ್ನು ಸಜ್ಜುಗೊಳಿಸಲು ಇನ್ನಷ್ಟು ಸಲಿಗೆ ಇದೆ, ಆದರೆ ಅಲ್ಲೂ ಸುಳ್ಳು ಹೇಳಿಸುವಂತಿಲ್ಲ. ಕೋರ್ಟಿನಲ್ಲಿ ತಪ್ಪೆನಿಸುವ ಕೆಲಸವೇ ಅಣಕು ವಿಚಾರಣೆಯಲ್ಲಿ ಅಭ್ಯಾಸದ ಹೆಸರಿನಲ್ಲಿ ಸಲೀಸಾಗಿ ನಡೆಯುತ್ತದೆ. ಕೊನೆಗೆ ಈ ದಾರಿ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ದೆಹಲಿಯ ಬಿಎಂಡಬ್ಲ್ಯು ಪ್ರಕರಣ ಕಣ್ಣ ಮುಂದಿದೆ. 1999ರ ಜನವರಿಯಲ್ಲಿ ಕಾರು ಹಾಯ್ದು ಆರು ಜನ ಸತ್ತ ಆ ಮೊಕದ್ದಮೆಯಲ್ಲಿ ಪ್ರಮುಖ ಸಾಕ್ಷಿಯೊಂದಿಗೆ ವಕೀಲರು ನಡೆಸಿದ ವ್ಯವಹಾರ 2007ರಲ್ಲಿ ಟಿವಿ ವಾಹಿನಿಯ ಗುಪ್ತ ಕ್ಯಾಮೆರಾಕ್ಕೆ ಸಿಕ್ಕಿತು. ಆರೋಪಿ ಪರ ಹಿರಿಯ ವಕೀಲರು ನ್ಯಾಯಾಂಗ ನಿಂದನೆ ಎಸಗಿದ್ದಾರೆಂಬ ದೆಹಲಿ ಹೈಕೋರ್ಟಿನ ತೀರ್ಮಾನವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಎತ್ತಿಹಿಡಿಯಿತು. ಸ್ಪರ್ಧೆಗೂ ಆ ಅಪರಾಧಕ್ಕೂ ನೇರ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಸಾಕ್ಷಿ ನಮ್ಮವನು, ಅವನ ಮಾತು ನಮ್ಮ ಸ್ವತ್ತು ಎಂಬ ಭಾವನೆ ಇಪ್ಪತ್ತರ ವಯಸ್ಸಿಗೇ ಕೂತುಬಿಟ್ಟರೆ ಮುಂದೆ ಅದನ್ನು ಕಿತ್ತುಹಾಕುವುದು ಕಷ್ಟ ಎನ್ನುತ್ತಿದ್ದೇನೆ.

ಪಾಟೀಸವಾಲಿನ ವಿಷಯ ಇನ್ನೂ ಸೂಕ್ಷ್ಮ. 1872ರ ಸಾಕ್ಷ್ಯ ಅಧಿನಿಯಮದ 149ನೇ ಕಲಮಿನಲ್ಲಿ ಒಂದು ದೃಷ್ಟಾಂತವಿತ್ತು: ಯಾವ ಹಿನ್ನೆಲೆಯೂ ಗೊತ್ತಿಲ್ಲದ ಸಾಕ್ಷಿಯೊಬ್ಬನನ್ನು, ಬಾಯಿಗೆ ಬಂದಂತೆ, ನೀನು ಡಕಾಯಿತನಲ್ಲವೇ ಎಂದು ಕೇಳುವುದು. ಅಂಥ ಪ್ರಶ್ನೆಗೆ ಸಕಾರಣವಿಲ್ಲ, ಕೇಳಕೂಡದು ಎನ್ನುತ್ತದೆ ಕಾನೂನು; ಕೇಳಿದ ವಕೀಲನ ಬಗ್ಗೆ ನ್ಯಾಯಾಧೀಶರು ಮೇಲಕ್ಕೆ ವರದಿ ಮಾಡಬಹುದು ಎಂದು ಮುಂದಿನ ಕಲಮಿನಲ್ಲಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಕಟ್ಟಳೆ ಮುಂದುವರಿದಿದೆ. ಸಕಾರಣ ಎಲ್ಲಿಂದ ಬರುತ್ತದೆ? ಕಕ್ಷಿದಾರ ಹೇಳಿದ ಮಾತಿನಿಂದ, ಕೈಗೆ ಬಂದ ಕಾಗದದಿಂದ. ಅಣಕು ವಿಚಾರಣೆಯಲ್ಲಿ ಕಕ್ಷಿದಾರನೇ ಇಲ್ಲ. ಆದ್ದರಿಂದ ವಿದ್ಯಾರ್ಥಿ ಆರೋಪಿಯೊಂದಿಗೆ ಜಮೀನಿನ ತಂಟೆಯಿದೆ, ದುಡ್ಡು ಪಡೆದು ಬಂದಿದ್ದೀಯ, ಕುಡಿದಿದ್ದೆ ಎಂಬ ಸೂಚನೆಗಳನ್ನು ಆಧಾರವಿಲ್ಲದೆ ಎಸೆಯುತ್ತ ಹೋಗುತ್ತಾನೆ. ನಮ್ಮ ಕೋರ್ಟುಗಳ ಸಾಕ್ಷಿ ಹೇಳಿಕೆಯ ಹಾಳೆಗಳನ್ನು ತಿರುವಿ ಹಾಕಿದವರಿಗೆ ಗೊತ್ತು, ಪಾಟೀಸವಾಲಿನ ಕೊನೆಗೆ ‘ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ’, ‘ಆರೋಪಿಯ ಮೇಲಿನ ದ್ವೇಷಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ವಾಕ್ಯಗಳು ಸಾಲುಸಾಲಾಗಿ ಬರುತ್ತವೆ. ಪ್ರತಿ ‘ಸರಿಯಲ್ಲ’ದ ಹಿಂದೆ ಒಬ್ಬ ವಕೀಲ ಹಾಕಿದ ಒಂದು ಆರೋಪವಿದೆ. ಕೆಲವಕ್ಕೆ ಬುಡವಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಬುಡವಿಲ್ಲದ್ದನ್ನು ಹಾಕದೆ ಬಿಡುವ ಸಂಯಮವನ್ನು ನಾವು ಎಲ್ಲೂ ಕಲಿಸಿಲ್ಲ. ವಕೀಲರು ತಾವಾಗಿ ಇಟ್ಟುಕೊಳ್ಳದ ಎಲ್ಲೆಯನ್ನು ಕಾನೂನು ಒಂದೊಂದಾಗಿ ಹಾಕಬೇಕಾಗಿ ಬಂತು. ಅತ್ಯಾಚಾರದ ಮೊಕದ್ದಮೆಯಲ್ಲಿ ಸಂತ್ರಸ್ತೆಯನ್ನು ಪೀಡಿಸುವಾಗ ನ್ಯಾಯಾಧೀಶರು ಮೂಕಪ್ರೇಕ್ಷಕರಾಗಿ ಕೂರಬಾರದು ಎಂದು ಗುರ್ಮಿತ್ ಸಿಂಗ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅವಳ ನಡತೆಯನ್ನು ಕೆದಕಲು ಅವಕಾಶ ಕೊಟ್ಟಿದ್ದ 155ನೇ ಕಲಮಿನ ಉಪವಾಕ್ಯವನ್ನು 2002ರ ತಿದ್ದುಪಡಿ ತೆಗೆದುಹಾಕಿತು. 2012ರ ಪೋಕ್ಸೊ ಕಾಯ್ದೆ ಇನ್ನೂ ಮುಂದೆ ಹೋಗಿ, ಮಗುವಿಗೆ ವಕೀಲರು ನೇರವಾಗಿ ಪ್ರಶ್ನೆ ಕೇಳುವ ಹಕ್ಕನ್ನೇ ಹಿಂತೆಗೆದು, ನ್ಯಾಯಾಧೀಶರ ಮೂಲಕ ಕೇಳಿಸುವ ಕ್ರಮ ತಂದಿತು. ಒಂದು ವೃತ್ತಿಯ ಕೈಯಿಂದ ಪ್ರಶ್ನೆಯನ್ನೇ ಕಿತ್ತುಕೊಳ್ಳಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ. ಇಷ್ಟಾದರೂ ಸ್ಪರ್ಧೆಗಳಲ್ಲಿ ಸಾಕ್ಷಿಯನ್ನು ಅಳಿಸಿದ ಹುಡುಗ ಅತ್ಯುತ್ತಮ ವಕೀಲ ಪ್ರಶಸ್ತಿ ಹಿಡಿದು ಹೋಗುವುದನ್ನು ಕಂಡಾಗ ನನಗೆ ನೋವಾಗಿದೆ.

ಮೊದಲ ಆಕ್ಷೇಪ ಯಾರಿಗೂ ಹೊಳೆಯುವಂಥದು: ಇದು ಆಟ, ಯಾರಿಗೂ ಗಾಯವಾಗುವುದಿಲ್ಲ, ನಾಟಕದಲ್ಲಿ ದುಶ್ಶಾಸನನ ಪಾತ್ರ ಮಾಡಿದವನು ಊರಲ್ಲಿ ಸೀರೆ ಎಳೆಯುವುದಿಲ್ಲವಲ್ಲ. ಮಾತು ಚೆನ್ನಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಪಾತ್ರಧಾರಿ ಮುಂದೆ ದುಶ್ಶಾಸನನಾಗುವ ತರಬೇತಿಯಲ್ಲಿ ಇರುವುದಿಲ್ಲ. ಕಾನೂನು ವಿದ್ಯಾರ್ಥಿ ಅಣಕು ವಿಚಾರಣೆಯಲ್ಲಿ ಮಾಡುವುದು ತಾನು ಮುಂದೆ ಬದುಕಿಡೀ ಮಾಡಲಿರುವ ಕೆಲಸದ ತಾಲೀಮು. ಎದ್ದು ನಿಲ್ಲುವ ರೀತಿ, ಆಕ್ಷೇಪಣೆ ಎತ್ತುವ ಹೊತ್ತು, ಕಾಗದ ತೋರಿಸುವ ಕ್ರಮ ಇವೆಲ್ಲ ಅಲ್ಲಿಂದ ನಿಜವಾದ ಕೋರ್ಟಿಗೆ ಹಾಗೆಯೇ ದಾಟುತ್ತವೆ ಎಂಬ ನಂಬಿಕೆಯಿಂದಲೇ ಈ ಸ್ಪರ್ಧೆಗಳಿಗೆ ಇಷ್ಟು ಖರ್ಚು ಮಾಡುತ್ತೇವೆ. ಒಳ್ಳೆಯ ಅಭ್ಯಾಸ ದಾಟುತ್ತದೆ, ಕೆಟ್ಟದ್ದು ಮಾತ್ರ ಹೊಸ್ತಿಲಲ್ಲೇ ಉಳಿಯುತ್ತದೆ ಎಂದು ವಾದಿಸಲು ಆಧಾರವಿಲ್ಲ.

ಎರಡನೆಯದು ಹೆಚ್ಚು ತೂಕದ ಆಕ್ಷೇಪ. ನಮ್ಮದು ಎದುರುಬದುರು ಪಕ್ಷಗಳ ಪದ್ಧತಿ. ಎರಡೂ ಕಡೆಯವರು ಬಿಗಿಯಾಗಿ ಹೋರಾಡಿದಾಗಲೇ ಸತ್ಯ ಹೊರಬರುತ್ತದೆ, ವಕೀಲನೇ ನ್ಯಾಯಾಧೀಶನಾಗಲು ಹೊರಟರೆ ಕಕ್ಷಿದಾರ ಅನಾಥನಾಗುತ್ತಾನೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಚೀಟಿ ಎತ್ತಿ ಬಂದ ಪಕ್ಷವನ್ನು ವಾದಿಸುವುದೇ ಅಣಕು ವಿಚಾರಣೆಯ ಅತ್ಯುತ್ತಮ ಪಾಠ. ಬೆಳಿಗ್ಗೆ ಸರ್ಕಾರದ ಪರ, ಮಧ್ಯಾಹ್ನ ಆರೋಪಿಯ ಪರ ನಿಂತ ವಿದ್ಯಾರ್ಥಿಗೆ ಅಪ್ರಿಯ ಆರೋಪಿಗೂ ವಕೀಲ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಪಾಠದ ಬೆಲೆ 2020ರಲ್ಲಿ ಹುಬ್ಬಳ್ಳಿಯಲ್ಲಿ ಕಂಡಿತು. ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸಕೂಡದೆಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತ್ತು. ಹೈಕೋರ್ಟ್ ಅದನ್ನು ಕಟುವಾಗಿ ಆಕ್ಷೇಪಿಸಿದ ಮೇಲೆ ನಿಲುವು ಬದಲಾಯಿತು. ಇಂಥ ನಿರ್ಣಯಗಳು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮೊಹಮ್ಮದ್ ರಫಿ ಪ್ರಕರಣದಲ್ಲಿ 2010ರಲ್ಲೇ ಹೇಳಿತ್ತು. ಆದರೆ ಕಕ್ಷಿದಾರನ ಹಿತವನ್ನು ನಿರ್ಭೀತಿಯಿಂದ ಕಾಯಬೇಕೆನ್ನುವ ಬಾರ್ ಕೌನ್ಸಿಲ್ ನಿಯಮವೇ ಅದು ನ್ಯಾಯವಾದ, ಗೌರವದ ಮಾರ್ಗದಿಂದಲೇ ಆಗಬೇಕೆಂದೂ ಹೇಳುತ್ತದೆ. ವಕೀಲ ಕಕ್ಷಿದಾರನ ಬರಿಯ ಬಾಯಿಯಲ್ಲ ಎನ್ನುತ್ತದೆ ಮತ್ತೊಂದು ನಿಯಮ. ಅಭಿಯೋಜಕರು ನಿರಪರಾಧಿಗೆ ಶಿಕ್ಷೆಯಾಗದಂತೆ ಮೊಕದ್ದಮೆ ನಡೆಸಬೇಕು, ಆರೋಪಿ ನಿರಪರಾಧಿ ಎಂದು ತೋರಿಸಬಲ್ಲ ಸಾಮಗ್ರಿಯನ್ನು ಬಚ್ಚಿಡಬಾರದು ಎನ್ನುತ್ತದೆ ಇನ್ನೊಂದು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರ ವರದಿಯಲ್ಲಿ ನಮ್ಮ ಪದ್ಧತಿ ಸತ್ಯಶೋಧನೆಗೆ ಸಾಕಷ್ಟು ಮಹತ್ವ ಕೊಡುತ್ತಿಲ್ಲ ಎಂದು ಹೇಳಿ, ನ್ಯಾಯಾಧೀಶರಿಗೆ ಹೆಚ್ಚಿನ ಹೊಣೆ ವಹಿಸಲು ಹೊರಟಿತು. ಆರೋಪಿಯ ರಕ್ಷಣೆಗಳು ಸಡಿಲವಾಗುತ್ತವೆ ಎಂಬ ಟೀಕೆ ಅದಕ್ಕೆ ಬಂತು, ಆ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ. ಹಾಗೆಂದೇ ಎದುರುಬದುರು ಪದ್ಧತಿ ಉಳಿಯಬೇಕು ಎನ್ನುವವರು ಅದರೊಳಗಿನ ಎಲ್ಲೆಗಳನ್ನು ಇನ್ನಷ್ಟು ಜೋಪಾನ ಮಾಡಬೇಕು. ಎರಡೂ ಪಕ್ಷ ಸಂಗತಿ ಕಟ್ಟತೊಡಗಿದರೆ ಹೊರಬರುವುದು ಎರಡು ಕತೆಗಳಲ್ಲಿ ಹೆಚ್ಚು ಸೊಗಸಾದದ್ದು, ಸತ್ಯವಲ್ಲ.

ಮೂರನೆಯದು, ಒಪ್ಪಿಕೊಂಡವನು ಸೋಲುತ್ತಾನೆ ಎಂಬ ಭಯ. ಗಾಂಧೀಜಿ ದಕ್ಷಿಣ ಆಫ್ರಿಕಾದ ವಕೀಲಿಯ ನೆನಪುಗಳಲ್ಲಿ ಇದಕ್ಕೆ ನೇರ ಉತ್ತರವಾಗುವ ಪ್ರಕರಣವೊಂದನ್ನು ದಾಖಲಿಸಿದ್ದಾರೆ. ಲೆಕ್ಕಪತ್ರದ ವ್ಯಾಜ್ಯ, ಪಂಚಾಯಿತರ ತೀರ್ಪು ಅವರ ಕಕ್ಷಿದಾರನ ಪರವಾಗಿತ್ತು, ಆದರೆ ಜಮೆಯ ಬದಿಗೂ ಖರ್ಚಿನ ಬದಿಗೂ ಅದಲುಬದಲಾದ ಒಂದು ತಪ್ಪು ಅದರಲ್ಲಿ ಉಳಿದಿತ್ತು. ಎದುರು ಪಕ್ಷದ ತಕರಾರು ಬೇರೆ ಕಾರಣಕ್ಕಿತ್ತು. ತಪ್ಪನ್ನು ಒಪ್ಪಿದರೆ ಇಡೀ ತೀರ್ಪು ಬಿದ್ದುಹೋದೀತೆಂದು ಹಿರಿಯ ವಕೀಲರು ಬೇಡವೆಂದರು, ಒಪ್ಪುವುದಾದರೆ ತಾವು ವಾದಿಸುವುದಿಲ್ಲವೆಂದೂ ಹೇಳಿದರು. ಕಕ್ಷಿದಾರನ ಒಪ್ಪಿಗೆ ಪಡೆದು ಗಾಂಧಿಯವರೇ ಎದ್ದು ನಿಂತರು. ನ್ಯಾಯಾಧೀಶರಲ್ಲೊಬ್ಬರು ಮೊದಲು ಇದನ್ನೇ ಒಂದು ಕುಯುಕ್ತಿಯೆಂದು ಶಂಕಿಸಿದರು. ವಾದ ಕೇಳಿದ ಮೇಲೆ ತಪ್ಪನ್ನು ಸರಿಪಡಿಸಿ ತೀರ್ಪನ್ನು ಉಳಿಸಿಕೊಟ್ಟರು. ಈ ಪ್ರಸಂಗದಲ್ಲಿ ನನ್ನನ್ನು ಹಿಡಿಯುವುದು ಅದರ ವಕಾಲತ್ತಿನ ಕಸುಬು: ತಪ್ಪನ್ನು ತಾನಾಗಿ ಎದುರಿಗಿಟ್ಟು, ಅದರಿಂದ ಉಳಿದದ್ದಕ್ಕೆ ಧಕ್ಕೆಯಿಲ್ಲ ಎಂದು ತೋರಿಸುವುದಕ್ಕೆ ಬಚ್ಚಿಡುವುದಕ್ಕಿಂತ ಎಷ್ಟೋ ಹೆಚ್ಚಿನ ಸಾಮರ್ಥ್ಯ ಬೇಕು. ಇದಕ್ಕೆ ವ್ಯತಿರಿಕ್ತವಾದದ್ದು 2004ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಡಿಶಾದ ಮುದುಲಿ ಪ್ರಕರಣ. ದೊಡ್ಡ ಪೀಠ ರದ್ದುಮಾಡಿದ್ದ ತೀರ್ಪೊಂದನ್ನು, ಅದು ರದ್ದಾಗಿದೆ ಎಂಬುದನ್ನು ಹೇಳದೆ ಉಲ್ಲೇಖಿಸಲಾಗಿತ್ತು. ನ್ಯಾಯಾಲಯ ಅದನ್ನು ಗಂಭೀರ ಲೋಪವೆಂದು ಕರೆಯಿತು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಬೀಡಾ ಅಂಗಡಿಯ ದೀಪವೂ ಆ ತೀರ್ಪುಗಳೂ ಒಂದೇ ಜಾತಿಯವು.

ನೀತಿಗೆ ಅಂಕ ಕೊಡಲಾಗದು, ಅದು ಅವರವರ ಭಾವಕ್ಕೆ ಬಿಟ್ಟದ್ದು ಎಂಬ ಮಾತೂ ಇದೆ. ಕೋರ್ಟಿನ ನಡವಳಿಕೆಗೆ, ದನಿಯ ಏರಿಳಿತಕ್ಕೆ ಹಿಂಜರಿಯದೆ ಅಂಕ ಕೊಡುವವರು ಇದನ್ನು ಹೇಳುವಂತಿಲ್ಲ. ಅಳೆಯಬಹುದಾದದ್ದು ಇಲ್ಲಿ ಇನ್ನೂ ಹೆಚ್ಚಿದೆ: ಸಾಕ್ಷಿಯ ಉತ್ತರ ಕಡತದಲ್ಲಿದೆಯೇ ಇಲ್ಲವೇ, ಸೂಚನೆಗೆ ಆಧಾರದ ಹಾಳೆ ತೋರಿಸಬಲ್ಲರೇ, ತಮಗೆ ವಿರುದ್ಧವಾದ ತೀರ್ಪನ್ನು ಹೇಳಿದರೇ. ಕಡತದಲ್ಲೇ ತೊಡಕು ಇಡುವುದು ಇನ್ನೂ ಪರಿಣಾಮಕಾರಿ. ಆರೋಪಿ ಪರ ತಂಡಕ್ಕೆ ಮಾತ್ರ ಸಿಗುವ ಒಂದು ಹಾಳೆಯಲ್ಲಿ, ಅನ್ಯಸ್ಥಳದಲ್ಲಿದ್ದೆ ಎಂದು ಹೇಳಲು ತಾನು ಕರೆತರುವ ಭಾವಮೈದುನ ಅಂದು ಊರಲ್ಲೇ ಇರಲಿಲ್ಲವೆಂದು ಕಕ್ಷಿದಾರ ಹೇಳಿರಲಿ. ಅಭಿಯೋಜಕರ ತಂಡದ ಕೈಗೆ, ಎದುರು ತಂಡ ನೋಡಿರದ, ಆರೋಪಿಗೆ ನೆರವಾಗುವ ಒಂದು ಹೇಳಿಕೆ ಬರಲಿ. ಆಗ ಪೀಠಕ್ಕೆ ವಿದ್ಯಾರ್ಥಿಯ ನಾಲಿಗೆಯ ಜೊತೆ ಅವನ ನಿರ್ಧಾರವೂ ಕಾಣುತ್ತದೆ.

ಸ್ಪರ್ಧೆಗಳಲ್ಲಿ ಇಂಗ್ಲಿಷ್ ಮಾತ್ರ ಕೇಳಿಬರುವುದೂ ಈ ಪ್ರಶ್ನೆಗೆ ಸೇರಿದ್ದೇ. ಸಹಪಾಠಿ ಸಾಕ್ಷಿ ಬರೆದುಕೊಟ್ಟ ಇಂಗ್ಲಿಷಿನಲ್ಲಿ ಸರಾಗವಾಗಿ ಉತ್ತರಿಸುತ್ತಾನೆ. ಪಾಟೀಸವಾಲಿನ ಬಿಸಿ ಅವನಿಗೆ ತಟ್ಟುವುದಿಲ್ಲ. ಜೀವನದಲ್ಲಿ ಮೊದಲ ಸಲ ಕಟಕಟೆ ಹತ್ತಿದ ಕೂಲಿಯ ಹೆಣ್ಣುಮಗಳಿಗೆ ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಹೆಣೆದು ಕೇಳಿದರೆ ಅವಳು ಹೌದೆಂದರೂ ಅಲ್ಲವೆಂದರೂ ತಪ್ಪಿಗೆ ಸಿಗುತ್ತಾಳೆ. ಆ ಅಸಮಾನತೆ ಕನ್ನಡದಲ್ಲಿ ನಡೆಸಿದ ಅಣಕು ವಿಚಾರಣೆಯಲ್ಲಿ, ತಂಡದ ಹೊರಗಿನವರನ್ನು ಸಾಕ್ಷಿಯಾಗಿ ನಿಲ್ಲಿಸಿದಾಗ ಮಾತ್ರ ವಿದ್ಯಾರ್ಥಿಗೆ ಅನುಭವಕ್ಕೆ ಬಂದೀತು. ಹಾಗೆ ನಿಂತವರನ್ನು ಕೊನೆಗೆ ಕರೆದು, ಯಾವ ಪ್ರಶ್ನೆ ನ್ಯಾಯವಾಗಿತ್ತು, ಯಾವುದು ಬರಿದೇ ಹೆದರಿಸಲು ಕೇಳಿದ್ದು ಎಂದು ವಿಚಾರಿಸಿ ಅದಕ್ಕೂ ಅಂಕ ಇಡಬೇಕು. ಅಣಕು ವಾದ ಮುಗಿಸಿ ಬಂದ ವಿದ್ಯಾರ್ಥಿಯನ್ನು ಮೌಖಿಕ ಪರೀಕ್ಷೆಯಲ್ಲಿ, ನಿನ್ನ ಸಾಕ್ಷಿ ಹೇಳಿದ್ದರಲ್ಲಿ ಕಡತದಲ್ಲಿಲ್ಲದ್ದು ಯಾವುದು, ಅದನ್ನು ಯಾರು ಹೇಳಿಕೊಟ್ಟರು, ನೀನು ಕೇಳಬಹುದಾಗಿದ್ದೂ ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂದು ಕೇಳಬಹುದು. ಇದಕ್ಕೆ ನಿಯಮ ತಿದ್ದಬೇಕಾಗಿಲ್ಲ, ಯಾರ ಅನುಮತಿಯೂ ಬೇಡ. ಆ 10 ಅಂಕ ಆಗಲೇ ಅಧ್ಯಾಪಕರ ಕೈಯಲ್ಲಿದೆ.